ಶಾಖ, ಶೀತ, ವಿದ್ಯುತ್ ಮಿಡಿತ: ನರದ ದೃಷ್ಟಿಯಿಂದ ಯಾವ ಅಬ್ಲೇಷನ್ ವಾಸಿ?

ಹೃದಯ ಬಡಿತದ ಲಯ ತಪ್ಪುವ ತೊಂದರೆಗಳಲ್ಲಿ ಜಾಸ್ತಿ ಕಾಣುವುದು ಏಟ್ರಿಯಲ್ ಫಿಬ್ರಿಲೇಷನ್, ಚಿಕ್ಕದಾಗಿ ಎಎಫ್. ಮಾತ್ರೆಗೆ ಬಗ್ಗದಿದ್ದಾಗ ವೈದ್ಯರು ಅಬ್ಲೇಷನ್, ಅಂದರೆ ಹೃದಯದೊಳಗೆ ಬೇಕೆಂದೇ ಸಣ್ಣ ಗಾಯ ಮಾಡುವ ಚಿಕಿತ್ಸೆ, ಮಾಡಿಸಿ ಅನ್ನುತ್ತಾರೆ. ಈಗೀಗ ಕೆಲವರಿಗೆ ಮಾತ್ರೆಗಿಂತ ಮೊದಲೇ ಇದನ್ನು ಸೂಚಿಸುವುದೂ ಉಂಟು. ವಿಚಾರಿಸಲು ಹೋದರೆ ಮೂರು ಹೆಸರು ಕೇಳಿಸುತ್ತವೆ: ರೇಡಿಯೋ ಫ್ರೀಕ್ವೆನ್ಸಿ, ಕ್ರಯೋ ಬಲೂನ್, ಪಲ್ಸ್ಡ್ ಫೀಲ್ಡ್. ಮೂರರ ಗುರಿಯೂ ಒಂದೇ. ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ಸಪೂರ ಕೊಳವೆ ತೂರಿಸಿ ಹೃದಯದ ಎಡ ಮೇಲ್ಕೋಣೆಗೆ ಹೋಗುತ್ತಾರೆ. ಶ್ವಾಸಕೋಶದಿಂದ ಅಲ್ಲಿಗೆ ಬಂದು ಸೇರುವ ರಕ್ತನಾಳಗಳ ಬಾಯಿಯ ಸುತ್ತ, ವಿದ್ಯುತ್ ಸಂಕೇತ ದಾಟದ ಹಾಗೆ, ಗಾಯದ ಒಂದು ಬಳೆ ಮಾಡುತ್ತಾರೆ. ಎಎಫ್ ಕೆರಳಿಸುವ ಪುಂಡ ಸಂಕೇತಗಳು ಹೆಚ್ಚಾಗಿ ಹುಟ್ಟುವುದು ಈ ರಕ್ತನಾಳಗಳ ಒಳಗೇ ಎಂದು 1998ರಲ್ಲಿ ಫ್ರಾನ್ಸ್‌ನ ಬೋರ್ಡೋದಲ್ಲಿ ಹೈಸಾಗೇರ್ ಮತ್ತವರ ತಂಡ ತೋರಿಸಿಕೊಟ್ಟಿತು. ಅಲ್ಲಿಂದ ಈ ಚಿಕಿತ್ಸೆಯ ದಾರಿ ಬದಲಾಯಿತು.

ಬಳೆ ಮಾಡುವ ರೀತಿ ಮಾತ್ರ ಬೇರೆ ಬೇರೆ. ರೇಡಿಯೋ ಫ್ರೀಕ್ವೆನ್ಸಿ ಸುಡುತ್ತದೆ. ಕ್ರಯೋ ಹೆಪ್ಪುಗಟ್ಟಿಸುತ್ತದೆ. ಪಲ್ಸ್ಡ್ ಫೀಲ್ಡ್ ಕ್ಷಣಮಾತ್ರದ ಹೈ ವೋಲ್ಟೇಜ್ ಮಿಡಿತಗಳಿಂದ ಜೀವಕೋಶದ ಪೊರೆಯಲ್ಲಿ ತೂತು ಮಾಡಿ ಕೊಲ್ಲುತ್ತದೆ.

ಕಾಯಿಲೆ ಹತೋಟಿಗೆ ಬರುವ ಲೆಕ್ಕದಲ್ಲಿ ಇವುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. 2016ರ ಫೈರ್ ಅಂಡ್ ಐಸ್ ಅಧ್ಯಯನದಲ್ಲಿ 762 ಜನರ ಮೇಲೆ ಶಾಖ ಮತ್ತು ಶೀತವನ್ನು ಎದುರುಬದುರು ನಿಲ್ಲಿಸಿದರು. ಶೀತ ಹಿಂದೆ ಬೀಳಲಿಲ್ಲ. 2023ರ ಅಡ್ವೆಂಟ್ ಅಧ್ಯಯನದಲ್ಲಿ ಪಲ್ಸ್ಡ್ ಫೀಲ್ಡ್‌ಗೆ ಶೇಕಡಾ 73.3, ಶಾಖ ಮತ್ತು ಶೀತ ಎರಡೂ ಸೇರಿದ ಗುಂಪಿಗೆ ಶೇಕಡಾ 71.3 ಯಶಸ್ಸು ಸಿಕ್ಕಿತು. ಇಷ್ಟು ಹತ್ತಿರ ಇರುವಾಗ ಆಯ್ಕೆ ಮಾಡುವುದು ತೊಡಕುಗಳನ್ನು ನೋಡಿಯೇ, ಅಲ್ವಾ? ಅದರಲ್ಲಿ ನರಕ್ಕೆ ಆಗುವ ಪೆಟ್ಟಿನ ಬಗ್ಗೆ ರೋಗಿಗಳಿಗೆ ಸಿಗುವ ಮಾಹಿತಿ ತೀರಾ ಕಮ್ಮಿ. ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಇರುತ್ತದೆ, ಓದುವಷ್ಟರಲ್ಲಿ ಸಹಿ ಹಾಕಿಸಿಕೊಂಡಿರುತ್ತಾರೆ.

ಯಾವ ನರ, ಎಲ್ಲಿದೆ

ಮುಖ್ಯವಾದದ್ದು ಫ್ರೆನಿಕ್ ನರ. ಕುತ್ತಿಗೆಯಲ್ಲಿ ಬೆನ್ನುಹುರಿಯಿಂದ ಹೊರಟು, ಎದೆಗೂಡಿನೊಳಗೆ ಇಳಿದು, ಹೃದಯದ ಪಕ್ಕದಲ್ಲೇ ಹಾದು ವಪೆಯನ್ನು ತಲುಪುತ್ತದೆ. ವಪೆ ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪದರ. ನಾವು ಉಸಿರೆಳೆಯುವಾಗ ಬಹುಪಾಲು ಕೆಲಸ ಅದರದ್ದೇ. ಬಲಕ್ಕೊಂದು, ಎಡಕ್ಕೊಂದು ನರ, ತಂತಮ್ಮ ಕಡೆಯ ಅರ್ಧ ವಪೆಯನ್ನು ಆಡಿಸುತ್ತವೆ.

ಎಎಫ್ ಅಬ್ಲೇಷನ್‌ನಲ್ಲಿ ತೊಂದರೆಗೆ ಸಿಕ್ಕುವುದು ಸಾಮಾನ್ಯವಾಗಿ ಬಲಗಡೆಯದು. ಮೇಲಿನ ಮಹಾಸಿರೆಯ ಪಕ್ಕದಲ್ಲಿ ಇಳಿದು, ಬಲ ಮೇಲಿನ ಶ್ವಾಸಕೋಶದ ರಕ್ತನಾಳದ ಮುಂದೆಯೇ ಅದು ಹಾದುಹೋಗುತ್ತದೆ. ಕೆಲವರಲ್ಲಿ ನಡುವಿನ ಅಂತರ ಕೆಲವೇ ಮಿಲಿಮೀಟರ್. ಹೃದಯದ ಒಳಗಿನಿಂದ ಸುಡುತ್ತಲೋ ತಣ್ಣಗಾಗಿಸುತ್ತಲೋ ಇದ್ದರೆ ಅದು ಗೋಡೆ ದಾಟಿ ಹೊರಗಿನ ನರವನ್ನೂ ಮುಟ್ಟಬಹುದು. ಎಡ ನರ ಇರುವುದು ಎಡ ಮೇಲ್ಕೋಣೆಯ ಪುಟ್ಟ ಚೀಲದಂಥ ಭಾಗದ ಹತ್ತಿರ, ಅಲ್ಲಿಂದ ಕೆಳಕೋಣೆಯ ಪಕ್ಕದ ಗೋಡೆಯ ಮೇಲೆ. ಆ ಜಾಗಗಳಲ್ಲಿ ಕೆಲಸ ಮಾಡಿದಾಗ ಮಾತ್ರ ಅದರ ಚಿಂತೆ.

ಎರಡನೆಯದು ವೇಗಸ್ ನರ. ಎಡ ಮೇಲ್ಕೋಣೆಯ ಬೆನ್ನಿಗೇ ಅನ್ನನಾಳ ಅಂಟಿಕೊಂಡಿದೆ. ಅದರ ಮೇಲೆ ಬಲೆಯಾಗಿ ಹರಡಿದ ವೇಗಸ್‌ನ ಎಳೆಗಳು ಜಠರಕ್ಕೆ ಹೋಗುತ್ತವೆ. ಅವು ಪೆಟ್ಟು ತಿಂದರೆ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ.

ಹೃದಯದೊಳಗಿನ ವಿದ್ಯುತ್ ಹಾದಿಯನ್ನು ಇವುಗಳ ಜತೆ ಸೇರಿಸಿಕೊಳ್ಳಬೇಡಿ. ಮೇಲ್ಕೋಣೆಯಿಂದ ಕೆಳಕೋಣೆಗೆ ಸಂಕೇತ ದಾಟಿಸುವ ಎವಿ ನೋಡ್‌ಗೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾದರೆ ಅದು ನರದ ಗಾಯವಲ್ಲ. ಆ ಹಾದಿ ಆಗಿರುವುದು ವಿಶೇಷ ಹೃದಯ ಸ್ನಾಯುವಿನಿಂದ.

ಕ್ರಯೋ ಬಲೂನ್: ನರಕ್ಕೆ ಅಪಾಯ ಜಾಸ್ತಿ, ಕಾವಲೂ ಜಾಸ್ತಿ

ನರದ ಒಂದೇ ಲೆಕ್ಕ ಹಿಡಿದರೆ ಹಿಂದೆ ಬೀಳುವುದು ಕ್ರಯೋ. ಮುಚ್ಚಿಡುವಂಥದ್ದೇನಿಲ್ಲ. ಅಮೆರಿಕದಲ್ಲಿ ಈ ಬಲೂನ್‌ಗೆ 2010ರಲ್ಲಿ ಅನುಮತಿ ಸಿಕ್ಕಿದ್ದು ಸ್ಟಾಪ್ ಎಎಫ್ ಎಂಬ ಅಧ್ಯಯನದ ಮೇಲೆ. ಅದರಲ್ಲಿ ಶೇಕಡಾ 11ರಷ್ಟು ಚಿಕಿತ್ಸೆಗಳಲ್ಲಿ ಫ್ರೆನಿಕ್ ನರ ಸೋತಿತ್ತು. ಒಟ್ಟು 29 ಪ್ರಕರಣ. ವರ್ಷ ಕಳೆದ ಮೇಲೂ ಉಳಿದುಕೊಂಡದ್ದು 4. ಆರು ವರ್ಷದ ನಂತರ ಬಂದ ಫೈರ್ ಅಂಡ್ ಐಸ್‌ನಲ್ಲಿ ಆಸ್ಪತ್ರೆಯಿಂದ ಹೊರಡುವಾಗ ತೊಂದರೆ ಇದ್ದದ್ದು ಶೀತದ ಗುಂಪಿನ ಶೇಕಡಾ 2.7ರಷ್ಟು ಜನರಲ್ಲಿ. ವರ್ಷದ ಹೊತ್ತಿಗೆ ಅವರಲ್ಲೂ ಬಹುತೇಕ ಎಲ್ಲರಿಗೆ ಸರಿಹೋಗಿತ್ತು. ಶಾಖದ ಗುಂಪಿನಲ್ಲಿ ಈ ತೊಡಕು ಒಬ್ಬರಿಗೂ ಆಗಿರಲಿಲ್ಲ.

ಅಂಕಿ ಇಷ್ಟು ಇಳಿದದ್ದರಲ್ಲಿ ಎರಡು ಸಂಗತಿಗಳ ಪಾಲು ದೊಡ್ಡದು.

ಮೊದಲನೆಯದು ಬಲೂನಿನ ಗಾತ್ರ ಮತ್ತು ಅದನ್ನು ಇಡುವ ಜಾಗ. 23 ಮಿಲಿಮೀಟರಿನ ಚಿಕ್ಕ ಬಲೂನ್ ರಕ್ತನಾಳದ ಒಳಕ್ಕೆ ನುಗ್ಗಿ ನರದ ಸಮೀಪ ಹೋಗುತ್ತಿತ್ತು. 28 ಮಿಲಿಮೀಟರಿನದು ಬಾಯಲ್ಲೇ ಕೂರುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವುದು ದೊಡ್ಡದೇ.

ಎರಡನೆಯದು ನರವನ್ನು ಕಾಯುವ ಕ್ರಮ. ಬಲಗಡೆಯ ರಕ್ತನಾಳಗಳನ್ನು ತಣ್ಣಗಾಗಿಸುವಾಗ ಇನ್ನೊಂದು ಕ್ಯಾತಿಟರ್ ಅನ್ನು ಮೇಲಿನ ಮಹಾಸಿರೆಯಲ್ಲಿ, ಬಲೂನಿಗಿಂತ ಮೇಲಕ್ಕೆ ಇಟ್ಟಿರುತ್ತಾರೆ. ಅದರಿಂದ ಫ್ರೆನಿಕ್ ನರಕ್ಕೆ ಒಂದೆರಡು ಸೆಕೆಂಡಿಗೊಮ್ಮೆ ಸಣ್ಣ ವಿದ್ಯುತ್ ತಟ್ಟು ಕೊಡುತ್ತಾರೆ. ಪ್ರತಿ ತಟ್ಟಿಗೂ ವಪೆ ಬಿಕ್ಕುತ್ತದೆ. ಒಬ್ಬರು ರೋಗಿಯ ಬಲ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ಆ ಬಿಕ್ಕನ್ನು ಎಣಿಸುತ್ತಾ ನಿಂತಿರುತ್ತಾರೆ. ಬಿಕ್ಕು ಮೆತ್ತಗಾದರೆ ತಕ್ಷಣ ಶೀತ ನಿಲ್ಲಿಸಿ ಬಲೂನಿನ ಗಾಳಿ ಇಳಿಸಬೇಕು. ಕೈಗೆ ಗೊತ್ತಾಗುವ ಮೊದಲೇ ಎಚ್ಚರಿಕೆ ಸಿಗಲಿ ಅಂತ ವಪೆಯ ಸ್ನಾಯುವಿನ ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ನೋಡುವವರೂ ಇದ್ದಾರೆ. ಅದರ ಎತ್ತರ ಶೇಕಡಾ 30 ಕುಸಿದರೆ ನಿಲ್ಲಿಸಬೇಕು ಎಂಬುದು ಬಳಕೆಯಲ್ಲಿರುವ ಗೆರೆ. ಇಷ್ಟು ದೊಡ್ಡ ಯಂತ್ರದ ನಡುವೆ ಒಂದು ಅಂಗೈ ಇನ್ನೂ ಕೆಲಸಕ್ಕೆ ಬರುತ್ತಿದೆ ಅನ್ನುವುದು ನನಗಂತೂ ಸಮಾಧಾನದ ವಿಷಯ.

ಇಲ್ಲಿ ಅರಿವಳಿಕೆಯ ಪಾತ್ರವೂ ಇದೆ. ಪೂರ್ತಿ ಮಂಪರಿಗೆ ಸ್ನಾಯು ಸಡಿಲಿಸುವ ಔಷಧಿ ಸೇರಿಸಿದ್ದರೆ, ಅದರ ಪರಿಣಾಮ ಇಳಿಯುವ ತನಕ ವಪೆ ಬಿಕ್ಕುವುದಿಲ್ಲ. ಆಗ ಕಾವಲು ಇದ್ದೂ ಇಲ್ಲದ ಹಾಗೆ. ಅನುಭವಿ ತಂಡ ಬಲಗಡೆಯ ಕೆಲಸ ಶುರುವಾಗುವ ಮೊದಲೇ ಅದನ್ನು ನೋಡಿಕೊಳ್ಳುತ್ತದೆ.

ಶೀತದಿಂದ ಸೋತ ನರ ಮತ್ತೆ ಎದ್ದುಕೊಳ್ಳುವುದೇ ಹೆಚ್ಚು, ಅದಕ್ಕೂ ಕಾರಣವಿದೆ. ಲಘುವಾಗಿ ತಣ್ಣಗಾದ ನರ ಸುಮ್ನೆ ಮರಗಟ್ಟುತ್ತದೆ, ನಿಮಿಷಗಳಲ್ಲೋ ದಿನಗಳಲ್ಲೋ ಸರಿಹೋಗುತ್ತದೆ. ಇನ್ನೂ ಜೋರಾಗಿ ಹೊಡೆತ ಬಿದ್ದರೆ ಒಳಗಿನ ಎಳೆ ಸಾಯುತ್ತದೆ. ಆದರೆ ಹೊರಗಿನ ಕವಚ ಉಳಿದಿರುತ್ತದೆ, ಕಾಲುವೆ ಹಾಗೇ ಇದ್ದು ನೀರು ಮಾತ್ರ ನಿಂತಂತೆ. ಎಳೆ ಆ ಕವಚದೊಳಗೇ ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ ಮತ್ತೆ ಬೆಳೆಯುತ್ತದೆ. ಹೃದಯದ ಪಕ್ಕದಿಂದ ವಪೆಯವರೆಗಿನ ದೂರಕ್ಕೆ ಈ ವೇಗದಲ್ಲಿ ತಿಂಗಳುಗಳೇ ಬೇಕು. ವರ್ಷ ಕಾಯಿರಿ ಎಂದು ವೈದ್ಯರು ಹೇಳುವುದು ಅದಕ್ಕೇ.

ರೇಡಿಯೋ ಫ್ರೀಕ್ವೆನ್ಸಿ: ಫ್ರೆನಿಕ್‌ಗೆ ಮೃದು, ಅನ್ನನಾಳದ ಕಡೆ ಹುಷಾರು

ಇಲ್ಲಿ ಚುಕ್ಕೆ ಚುಕ್ಕೆಯಾಗಿ ಸುಡುತ್ತಾರೆ. ರಕ್ತನಾಳದ ಬಾಯಿಂದ ದೂರ ಉಳಿದು ಅಗಲವಾದ ಬಳೆ ಎಳೆಯಬಹುದು. ಸಂಶಯ ಬಂದ ಜಾಗದಲ್ಲಿ ಸುಡುವ ಮೊದಲು ಅದೇ ಕ್ಯಾತಿಟರಿನ ತುದಿಯಿಂದ ಜೋರಾಗಿ ವಿದ್ಯುತ್ ತಟ್ಟು ಕೊಟ್ಟು ನೋಡಬಹುದು. ವಪೆ ಹಾರಿದರೆ ನರ ಅಲ್ಲೇ ಇದೆ ಅಂತ ಅರ್ಥ, ಚುಕ್ಕೆಯನ್ನು ಬೇರೆ ಕಡೆ ಇಡುತ್ತಾರೆ. ಬಲೂನಿಗೆ ಈ ಸ್ವಾತಂತ್ರ್ಯ ಇಲ್ಲ, ಅದು ಕೂತ ಕಡೆಯೆಲ್ಲಾ ತಣ್ಣಗಾಗುತ್ತದೆ. ಶಾಖ ಬಲ ಫ್ರೆನಿಕ್ ನರಕ್ಕೆ ಅಪಾಯ ತರುವುದು ಮುಖ್ಯವಾಗಿ ಮೇಲಿನ ಮಹಾಸಿರೆಯ ಸುತ್ತಲೂ ಇಂಥದೇ ಬಳೆ ಮಾಡಲು ಹೋದಾಗ. ನಿಮ್ಮ ವೈದ್ಯರ ಯೋಜನೆಯಲ್ಲಿ ಅದು ಇದೆಯೇ ಕೇಳಿಕೊಳ್ಳಿ.

ಹಾಗಂತ ಶಾಖವೇ ಸುರಕ್ಷಿತ ಅಂದುಬಿಡಲು ಆಗುವುದಿಲ್ಲ. ಹಿಂಗೋಡೆಯ ಮೇಲೆ ಸುಟ್ಟಾಗ ಶಾಖ ಅನ್ನನಾಳದ ಕಡೆ ಹರಡಿ ವೇಗಸ್ ಎಳೆಗಳನ್ನು ತಟ್ಟಬಹುದು. ಅಪರೂಪಕ್ಕೆ ಹೃದಯ ಮತ್ತು ಅನ್ನನಾಳದ ನಡುವೆ ತೂತು ಬೀಳಬಹುದು. ಅದು ನರದ ವಿಷಯ ಅಲ್ಲ ನಿಜ, ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತಿರುವುದು ಅದೇ. 2023ರಲ್ಲಿ ಬಂದ ಪಾಟರ್ ಎಎಫ್ ಅಧ್ಯಯನ ಐದೂವರೆ ಲಕ್ಷಕ್ಕೂ ಹೆಚ್ಚು ಅಬ್ಲೇಷನ್‌ಗಳನ್ನು ಕಲೆಹಾಕಿತು. ಈ ತೂತು ಬಿದ್ದದ್ದು ಶಾಖದಲ್ಲಿ ಶೇಕಡಾ 0.038, ಶೀತದಲ್ಲಿ ಶೇಕಡಾ 0.0015. ಎರಡೂ ತೀರಾ ಸಣ್ಣ ಸಂಖ್ಯೆ. ಆದರೆ ಹಾಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬದುಕಲಿಲ್ಲ. ವಪೆಯ ಒಂದು ಬದಿ ಕೆಲ ತಿಂಗಳು ಮಲಗುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ನರಕ್ಕೆ ಪೆಟ್ಟು ಕಮ್ಮಿ ಎಂಬ ಒಂದೇ ಕಾರಣಕ್ಕೆ ಶಾಖವನ್ನು ಆರಿಸಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ, ಎರಡೂ ಸಾಲು ಓದಿ.

ಲೇಸರ್ ಬಲೂನ್ ಅಂತಲೂ ಒಂದಿದೆ. ಅದೂ ಶಾಖವೇ, ಆದರೆ ಬಲೂನಿನ ಮೂಲಕ. 2015ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ವಪೆ ಸೋತದ್ದು ಲೇಸರ್‌ನಲ್ಲಿ ಶೇಕಡಾ 3.5, ಸಾಮಾನ್ಯ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಶೇಕಡಾ 0.6. ಅಂದರೆ ಶಾಖವೋ ಶೀತವೋ ಅನ್ನುವುದರಷ್ಟೇ ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ.

ಪಲ್ಸ್ಡ್ ಫೀಲ್ಡ್: ನರದ ಲೆಕ್ಕದಲ್ಲಿ ಸದ್ಯಕ್ಕೆ ಮುಂದೆ

ಹೃದಯ ಸ್ನಾಯುವಿನ ಕೋಶಗಳು ಈ ಮಿಡಿತಕ್ಕೆ ಬೇಗ ಸೋಲುತ್ತವೆ. ನರದ ಎಳೆಗಳು, ಅನ್ನನಾಳದ ಗೋಡೆ ಅದೇ ಪ್ರಮಾಣಕ್ಕೆ ಜಾಸ್ತಿ ತಡೆದುಕೊಳ್ಳುತ್ತವೆ. ಇಡೀ ತಂತ್ರ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಯುರೋಪಿನಲ್ಲಿ 2021ರಿಂದ, ಅಮೆರಿಕದಲ್ಲಿ 2023ರ ಡಿಸೆಂಬರಿನಿಂದ ಇದಕ್ಕೆ ಅನುಮತಿ ಇದೆ. 2024ರಲ್ಲಿ ಪ್ರಕಟವಾದ ಮ್ಯಾನಿಫೆಸ್ಟ್ 17ಕೆ ವರದಿಯಲ್ಲಿ 17,642 ರೋಗಿಗಳಿದ್ದರು. ಅಷ್ಟು ಜನರಲ್ಲಿ ಫ್ರೆನಿಕ್ ನರ ಶಾಶ್ವತವಾಗಿ ಸೋತದ್ದು ಒಬ್ಬರಲ್ಲೂ ಇಲ್ಲ. ತಾತ್ಕಾಲಿಕವಾಗಿ ಸೋತದ್ದು 11 ಜನರಲ್ಲಿ, ಅಂದರೆ ಶೇಕಡಾ 0.06. ಅನ್ನನಾಳದ ತೊಡಕೂ ವರದಿಯಾಗಲಿಲ್ಲ.

ಓದಿದರೆ ಇನ್ನೇನು ಯೋಚನೆ ಅನ್ನಿಸುತ್ತದೆ. ಆದರೂ ಕೆಲವು ಮಾತು ಬಾಕಿ ಇವೆ. ಅದೇ ವರದಿಯಲ್ಲಿ 25 ಜನರಲ್ಲಿ ಹೃದಯದ ಸ್ವಂತ ರಕ್ತನಾಳ ಸೆಡೆತುಕೊಂಡಿತ್ತು. 5 ಜನರಲ್ಲಿ ಕೆಂಪು ರಕ್ತಕಣಗಳು ಒಡೆದು, ಕಿಡ್ನಿ ಸೋತು, ಡಯಾಲಿಸಿಸ್ ಬೇಕಾಯಿತು. ಮಿಡಿತಗಳ ಸಂಖ್ಯೆ ಹೆಚ್ಚಿದಷ್ಟೂ ರಕ್ತಕಣ ಒಡೆಯುವುದು ಹೆಚ್ಚು. ಕಿಡ್ನಿ ಮೊದಲೇ ದುರ್ಬಲವಾಗಿರುವವರು ಈ ಮಾತನ್ನು ವೈದ್ಯರ ಜತೆ ಬಿಡಿಸಿ ಆಡಬೇಕು. ಹೃದಯದ ಹೊರ ಚೀಲದಲ್ಲಿ ರಕ್ತ ತುಂಬುವುದು, ಪಾರ್ಶ್ವವಾಯು, ತೊಡೆಸಂದಿನ ರಕ್ತಸ್ರಾವ ಇವೆಲ್ಲ ಯಾವ ಬಗೆಯಲ್ಲೂ ಇಲ್ಲದೆ ಹೋಗಿಲ್ಲ.

ಇನ್ನೊಂದು, ಇದು ನರವನ್ನು ಮುಟ್ಟುವುದೇ ಇಲ್ಲ ಅಂತಲ್ಲ. ಮಿಡಿತ ಕೊಡುವಾಗ ನರ ಕೆರಳಿ ವಪೆ ಹಾರುತ್ತದೆ, ಸುತ್ತಲಿನ ಸ್ನಾಯುಗಳೂ ಸೆಟೆಯುತ್ತವೆ. ಅದಕ್ಕೇ ಗಾಢ ಮಂಪರು ಅಥವಾ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಕೆಲವೊಮ್ಮೆ ನರ ಸ್ವಲ್ಪ ಹೊತ್ತು ದಿಗಿಲುಬಿದ್ದು ಸುಮ್ಮನಾಗಿ, ಚಿಕಿತ್ಸೆ ಮುಗಿಯುವುದರೊಳಗೆ ಎಚ್ಚೆತ್ತುಕೊಳ್ಳುತ್ತದೆ.

ವೇಗಸ್ ಪೆಟ್ಟು: ಹೊಟ್ಟೆಯ ದೂರು ಅಂತ ತಳ್ಳಿಹಾಕುವುದು

ಚಿಕಿತ್ಸೆಯಾದ ಕೆಲವು ದಿನಗಳಲ್ಲಿ ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ ಆಗುವುದು, ಉಬ್ಬರ, ವಾಕರಿಕೆ, ತಿಂದು ಗಂಟೆಗಳಾದರೂ ಜಠರ ಭಾರವಾಗಿಯೇ ಇರುವುದು. ರೋಗಿಗಳು ಗ್ಯಾಸ್ ಅಂದುಕೊಂಡು ಮಾತ್ರೆ ನುಂಗುತ್ತಾರೆ. ಹೃದಯದ ವೈದ್ಯರಿಗೆ ಹೇಳುವುದೇ ಇಲ್ಲ. ಸ್ವಲ್ಪ ಸ್ವಲ್ಪ, ಮೆತ್ತಗಿನ, ಜಿಡ್ಡು ಕಮ್ಮಿ ಇರುವ ಊಟ ಮಾಡುತ್ತಾ ಬಂದರೆ ಹೆಚ್ಚಿನವರಿಗೆ ವಾರಗಳಲ್ಲಿ ಅಥವಾ ಕೆಲ ತಿಂಗಳಲ್ಲಿ ಇಳಿಯುತ್ತದೆ. ಶಾಖ, ಶೀತ ಎರಡರಲ್ಲೂ ಇದು ಆಗಬಹುದು. ಹಿಂಗೋಡೆಯ ಮೇಲೆ ಹೆಚ್ಚು ಕೆಲಸ ಇದ್ದಷ್ಟೂ ಸಾಧ್ಯತೆ ಹೆಚ್ಚು.

ಅಬ್ಲೇಷನ್ ಆದಮೇಲೆ ಕೂತಿದ್ದಾಗಲೂ ನಾಡಿ ಮೊದಲಿಗಿಂತ ವೇಗವಾಗಿದೆ ಎಂದು ಗಾಬರಿಯಾಗುವವರಿದ್ದಾರೆ. ಹೃದಯದ ಗೋಡೆಯ ಮೇಲೆಯೇ ಇರುವ ಸಣ್ಣ ನರಗಂಟುಗಳು ಬಳೆಯ ಜತೆ ಸುಟ್ಟಿರುವುದು ಅದಕ್ಕೆ ಕಾರಣ. ಇದನ್ನು ತೊಡಕು ಎಂದು ಎಣಿಸುವುದಿಲ್ಲ. ಬಡಿತ ಅತಿ ನಿಧಾನವಾಗಿ ತಲೆಸುತ್ತಿ ಬೀಳುವ ಕೆಲವರಿಗೆ ಈ ಗಂಟುಗಳನ್ನೇ ಬೇಕೆಂದು ಸುಡುವ ಚಿಕಿತ್ಸೆಯೂ ಇದೆ.

ಹಾಗಾದರೆ ಯಾರಿಗೆ ಯಾವುದು

ಶ್ವಾಸಕೋಶ ಗಟ್ಟಿಯಾಗಿದ್ದು, ತೂಕ ಹದವಾಗಿರುವವರಿಗೆ ಫ್ರೆನಿಕ್ ನರದ ಭಯದಿಂದಲೇ ಕ್ರಯೋ ಬೇಡ ಅನ್ನಲು ಕಾರಣ ಕಾಣುವುದಿಲ್ಲ. ಅರ್ಧ ವಪೆ ಸೋತರೂ ಅಂಥವರಲ್ಲಿ ಹಲವರಿಗೆ ಗೊತ್ತೇ ಆಗುವುದಿಲ್ಲ, ಎಕ್ಸ್‌ರೇ ತೆಗೆದಾಗ ತಿಳಿಯುತ್ತದೆ. ದಿನವೂ ಕ್ರಯೋ ಮಾಡುವ ಕೈ ಒಂದು ಕಡೆ, ಪಲ್ಸ್ಡ್ ಫೀಲ್ಡ್ ಯಂತ್ರ ಹೊಸದಾಗಿ ತಂದ ಜಾಗ ಇನ್ನೊಂದು ಕಡೆ ಇದ್ದರೆ ನಾನು ಪಳಗಿದ ಕೈಯ ಪರ.

ಲೆಕ್ಕ ಬದಲಾಗುವುದು ಉಸಿರಿನ ಮೀಸಲು ಕಮ್ಮಿ ಇರುವವರಲ್ಲಿ. ಸಿಒಪಿಡಿ ಎಂಬ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಅತಿಯಾದ ತೂಕ, ಸ್ನಾಯು ದುರ್ಬಲವಾಗುವ ಕಾಯಿಲೆ ಇದ್ದವರಿಗೆ ಅರ್ಧ ವಪೆ ಹೋದರೆ ಮೆಟ್ಟಿಲು ಹತ್ತುವುದು, ಮಲಗಿ ನಿದ್ದೆ ಮಾಡುವುದು ಕಷ್ಟವಾದೀತು. ಹಾಡುಗಾರರು, ಊದುವ ವಾದ್ಯದವರು, ಈಜುವವರು ಆರೋಗ್ಯವಾಗಿದ್ದರೂ ಈ ಸಾಲಿಗೇ ಸೇರುತ್ತಾರೆ. ಇವರಿಗೆಲ್ಲ ಪಲ್ಸ್ಡ್ ಫೀಲ್ಡ್ ಸಿಗುವಂತಿದ್ದರೆ ಅದು ಮೊದಲು, ಇಲ್ಲದಿದ್ದರೆ ರೇಡಿಯೋ ಫ್ರೀಕ್ವೆನ್ಸಿ, ಆಮೇಲೆ ಕ್ರಯೋ. ಇದು ನನ್ನ ಕ್ರಮ. ನಿಮ್ಮ ಕಿಡ್ನಿ, ಹೃದಯದ ಅಳತೆ ನೋಡಿ ವೈದ್ಯರು ಬೇರೆ ಹೇಳಿದರೆ ಕಾರಣ ಕೇಳಿ, ಒಪ್ಪಿಗೆಯಾದರೆ ಒಪ್ಪಿಕೊಳ್ಳಿ.

ಲಯದ ಬೇರೆ ಕಾಯಿಲೆಗಳಲ್ಲಿ ಕಥೆ ಬೇರೆ. ಎವಿಎನ್‌ಆರ್‌ಟಿಯಂಥ ದಿಢೀರ್ ವೇಗದ ಬಡಿತಕ್ಕೆ ಕೆಲಸ ನಡೆಯುವುದು ಫ್ರೆನಿಕ್‌ನಿಂದ ದೂರ, ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಬಡಿತ ಶುರುಮಾಡುವ ಸೈನಸ್ ನೋಡ್ ಅಕ್ಕಪಕ್ಕದಲ್ಲಿ ಸುಡುವಾಗ ಬಲ ನರ ಹತ್ತಿರ. ಕೆಳಕೋಣೆಯ ಲಯದೋಷಕ್ಕೆ ಹೃದಯದ ಹೊರಮೈಯಿಂದ ಸುಡುವಾಗ ಎಡ ನರ ಹತ್ತಿರ. ಆಗ ಹೊರ ಚೀಲದಲ್ಲಿ ಬಲೂನ್ ಉಬ್ಬಿಸಿಯೋ ಗಾಳಿ ಅಥವಾ ದ್ರವ ತುಂಬಿಯೋ ನರವನ್ನು ಗೋಡೆಯಿಂದ ದೂರ ಸರಿಸುತ್ತಾರೆ.

ವೈದ್ಯರನ್ನು ಕೇಳಬೇಕಾದ್ದು ಹೆಚ್ಚಿಲ್ಲ. ಬಲಗಡೆ ಕೆಲಸ ಮಾಡುವಾಗ ನರವನ್ನು ಹೇಗೆ ಕಾಯುತ್ತೀರಿ? ಆ ಹೊತ್ತಿಗೆ ಸ್ನಾಯು ಸಡಿಲಿಸುವ ಔಷಧಿ ಇಳಿದಿರುತ್ತದೆಯೇ? ನಿಮ್ಮಲ್ಲಿ ಇದುವರೆಗೆ ಎಷ್ಟು ಜನರಿಗೆ ವಪೆ ಸೋತಿದೆ, ಎಷ್ಟು ಜನರಿಗೆ ವಾಪಸ್ ಬಂತು? ಮೂರನೆಯದಕ್ಕೆ ಒಬ್ಬರಿಗೂ ಆಗಿಲ್ಲ ಅಂತ ಥಟ್ಟನೆ ಉತ್ತರ ಬಂದರೆ ಒಟ್ಟು ಎಷ್ಟು ಮಾಡಿದ್ದೀರಿ ಅಂತ ಮುಂದಿನ ಪ್ರಶ್ನೆ ಕೇಳಿ.

ಮನೆಗೆ ಬಂದ ಮೇಲೆ, ಮತ್ತು ಎರಡನೇ ಸಲಕ್ಕೆ ಮುಂಚೆ

ಚಪ್ಪಟೆ ಮಲಗಿದಾಗ ಅಥವಾ ಬಗ್ಗಿದಾಗ ಉಸಿರು ಕಟ್ಟುವುದು, ಮೊದಲಿಲ್ಲದ ಏದುಸಿರು, ಬಿಡದ ಬಿಕ್ಕಳಿಕೆ ಅಥವಾ ಒಣ ಕೆಮ್ಮು ಇದ್ದರೆ ವಪೆಯ ಕಡೆ ಗಮನ ಹೋಗಲಿ. ಎಕ್ಸ್‌ರೇಯಲ್ಲಿ ಸೋತ ಬದಿ ಮೇಲಕ್ಕೆ ಏರಿರುತ್ತದೆ. ಮೂಗಿನಿಂದ ಜೋರಾಗಿ ಒಮ್ಮೆ ಮೂಸಲು ಹೇಳಿ ಪರದೆಯ ಮೇಲೆ ನೋಡುವ ಸ್ನಿಫ್ ಪರೀಕ್ಷೆಯಲ್ಲಿ ಒಳ್ಳೆಯ ಬದಿ ಕೆಳಗಿಳಿದರೆ ಸೋತದ್ದು ಮೇಲಕ್ಕೆ ಹೋಗುತ್ತದೆ. ಅಲ್ಟ್ರಾಸೌಂಡ್‌ನಲ್ಲೂ ಇದು ಕಾಣುತ್ತದೆ. ಉಸಿರಾಟದ ವ್ಯಾಯಾಮ, ಬೇಕಾದರೆ ರಾತ್ರಿ ಹೊತ್ತು ಮಾಸ್ಕ್ ಯಂತ್ರ, ಉಳಿದಂತೆ ಕಾಯುವುದು. ವರ್ಷ ದಾಟಿಯೂ ಮೇಲೇಳದೆ ಉಸಿರಿಗೆ ತೊಂದರೆಯಾಗುತ್ತಿದ್ದರೆ ಸಡಿಲಗೊಂಡ ವಪೆಯನ್ನು ಮಡಿಸಿ ಹೊಲಿದು ಬಿಗಿಮಾಡುವ ಶಸ್ತ್ರಚಿಕಿತ್ಸೆ ಇದೆ.

ಇವುಗಳ ಜತೆ ಗೊಂದಲ ಮಾಡಿಕೊಳ್ಳಬಾರದ್ದು ಒಂದಿದೆ. ಮೊದಲ ಒಂದೆರಡು ತಿಂಗಳಲ್ಲಿ ಜ್ವರ, ನುಂಗುವಾಗ ನೋವು, ಎದೆನೋವು, ಮಾತು ತೊದಲುವುದು ಇವುಗಳಲ್ಲಿ ಯಾವುದು ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಅಬ್ಲೇಷನ್ ಆಗಿದೆ ಎಂದು ಮೊದಲೇ ಹೇಳಬೇಕು. ಅನ್ನನಾಳದ ತೂತಿನ ಲಕ್ಷಣಗಳು ಇವು. ಎಂಡೋಸ್ಕೋಪಿ ಮಾಡುವುದು ಇಲ್ಲಿ ಅಪಾಯ, ಮೊದಲು ಸಿಟಿ ಸ್ಕ್ಯಾನ್ ಆಗಬೇಕು.

ಎಎಫ್ ಮರಳಿ ಬಂದು ಎರಡನೇ ಅಬ್ಲೇಷನ್ ಮಾತು ಬಂದಾಗ ಮೊದಲ ಸಲ ನರಕ್ಕೆ ಏನಾಗಿತ್ತು ಅನ್ನುವುದನ್ನು ಹಳೆಯ ಕಡತದಿಂದ ತೆಗೆಸಿ ನೋಡಿ. ಹಿಂದೆ ಬೈಪಾಸ್‌ನಂಥ ತೆರೆದ ಹೃದಯ ಶಸ್ತ್ರಚಿಕಿತ್ಸೆ ಆಗಿದ್ದರೂ ಅಷ್ಟೇ, ಅದರಲ್ಲಿ ಎಡ ಫ್ರೆನಿಕ್ ನರ ಸೋತಿರುವ ಸಾಧ್ಯತೆ ಇದೆ. ಒಂದು ಬದಿಯ ವಪೆ ಮೊದಲೇ ಮಲಗಿದ್ದು ಈಗ ಇನ್ನೊಂದೂ ಸೋತರೆ ಉಸಿರಾಟಕ್ಕೆ ಯಂತ್ರ ಬೇಕಾಗಬಹುದು. ಅಂಥವರು ತಂತ್ರ ಯಾವುದೆಂದು ತೀರ್ಮಾನಿಸುವ ಮೊದಲು ಎರಡೂ ಬದಿಯ ವಪೆ ಆಡುತ್ತಿದೆಯೇ ಎಂದು ಸ್ನಿಫ್ ಪರೀಕ್ಷೆ ಅಥವಾ ಅಲ್ಟ್ರಾಸೌಂಡ್ ಮಾಡಿಸಿಕೊಂಡು, ಆ ವರದಿಯನ್ನು ಮೇಜಿನ ಮೇಲಿಟ್ಟೇ ಮಾತಿಗೆ ಕೂರಬೇಕು.